ಸಿಂಗಪುರದ ಸೆಕೆಯಲ್ಲಿ ಮಕ್ಕಳ ಮೈ: ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

ಬೆಂಗಳೂರು, ಮೈಸೂರು, ಧಾರವಾಡದ ಕಡೆಯಿಂದ ಸಿಂಗಪುರಕ್ಕೆ ಬಂದ ಮಕ್ಕಳಿಗೆ ಮೊದಲ ಕೆಲವು ವಾರಗಳಲ್ಲಿ ಚರ್ಮದ ತೊಂದರೆ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ಕುತ್ತಿಗೆಯ ಸುತ್ತ ಕೆಂಪು ಗುಳ್ಳೆ, ಮೊಣಕೈ ಮಡಿಕೆಯಲ್ಲಿ ತುರಿಕೆ, ರಾತ್ರಿಯಿಡೀ ಕೆರೆತ. ಮಂಗಳೂರು, ಕಾರವಾರದವರಿಗೆ ಈ ಸೆಕೆ ಗೊತ್ತು. ಆದರೆ ಅಲ್ಲೂ ಚಳಿಗಾಲದ ಬೆಳಗಿನ ಜಾವ ಸ್ವಲ್ಪ ತಂಪಿರುತ್ತದೆ, ಇಲ್ಲಿ ಅದೂ ಇಲ್ಲ. ವರ್ಷವಿಡೀ ಹಗಲು 31ರಿಂದ 33 ಡಿಗ್ರಿ, ರಾತ್ರಿ 25ರ ಆಸುಪಾಸು, ಗಾಳಿಯಲ್ಲಿ ತೇವ ಸರಾಸರಿ ಶೇ. 80ಕ್ಕಿಂತ ಜಾಸ್ತಿ. ಬೆವರು ಬರುತ್ತದೆ, ಆದರೆ ಬೇಗ ಆರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಹೊಸಬರು ನನ್ನನ್ನು ಮೊದಲು ಕೇಳುವುದು "ಯಾವ ಕ್ರೀಮ್ ಹಚ್ಚಬೇಕು?" ಅಂತ. ಮೊದಲು ಮೈ ತಂಪಾಗಲಿ, ಒಣಗಲಿ, ಹಚ್ಚುವ ಮಾತು ಆಮೇಲೆ ಅನ್ನುತ್ತೇನೆ. ಊರಿಂದ ಸೂಟ್‌ಕೇಸ್ ತುಂಬ ತಂದ ಡಬ್ಬಿ, ಬಾಟಲಿಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಬೇಕಾಗುವುದಿಲ್ಲ.

ಬೆವರುಸಾಲೆಯನ್ನೇ ನೋಡಿ. ಬೆವರು ಹೊರಗೆ ಬರುವ ಸಣ್ಣ ನಾಳ ಕಟ್ಟಿಕೊಂಡರೆ ಬೆವರು ಚರ್ಮದ ಒಳಗೇ ನಿಂತು ಗುಳ್ಳೆಯಾಗುತ್ತದೆ. ಎಳೆಮಕ್ಕಳಲ್ಲಿ ಈ ನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಅವರಿಗೆ ಬೇಗ ಆಗುತ್ತದೆ. ಸಂಜೆ ಮಗುವಿನ ಬಟ್ಟೆ ಬಿಚ್ಚಿದಾಗ ಗದ್ದ ಎತ್ತಿ ಕುತ್ತಿಗೆಯ ಮಡಿಕೆ ನೋಡಿ. ಕಂಕುಳು, ತೊಡೆಸಂದು, ಡೈಪರ್‌ನ ಪಟ್ಟಿ ಸೊಂಟಕ್ಕೆ ಒತ್ತುವ ಜಾಗ ನೋಡಿ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಸುತ್ತಾಡಿ ಬಂದಿದ್ದರೆ ಅದರ ಎದೆ, ಹೊಟ್ಟೆ ಖಂಡಿತ ನೋಡಿ. ನಿಮ್ಮ ಮೈಯ ಬಿಸಿ, ಅದರ ಮೈಯ ಬಿಸಿ ಎರಡೂ ಸೇರಿರುತ್ತವೆ. ಗುಂಡುಸೂಜಿ ತಲೆಯಷ್ಟು ಕೆಂಪು ಗುಳ್ಳೆ ಒತ್ತೊತ್ತಾಗಿ ಎದ್ದಿದ್ದರೆ ಸಾಮಾನ್ಯವಾಗಿ ಅದೇ ಬೆವರುಸಾಲೆ.

ಇದಕ್ಕೆ ಔಷಧಿ ಬೇಕಿಲ್ಲ. ಬಟ್ಟೆ ತೆಗೆದು, ಹೆಚ್ಚು ಬಿಸಿಯಿಲ್ಲದ ನೀರಿನಲ್ಲಿ ಮೈ ತೊಳೆದು, ಮೆತ್ತನೆಯ ಹಳೇ ಹತ್ತಿ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ. ಮಡಿಕೆಗಳನ್ನು ಬಿಡಿಸಿ ಒರೆಸುವುದು ಮುಖ್ಯ. ಆಮೇಲೆ ಸ್ವಲ್ಪ ಹೊತ್ತು ಬರಿಮೈಯಲ್ಲಿ ಫ್ಯಾನ್ ಗಾಳಿಗೆ ಬಿಡಿ. ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಪೌಡರ್ ಮಾತ್ರ ಬೇಡ. ಬೆವರಿಗೆ ಸೇರಿ ಮಡಿಕೆಯಲ್ಲಿ ಕಲಸಿದ ಹಿಟ್ಟಿನ ಹಾಗೆ ಕಟ್ಟಿಕೊಳ್ಳುತ್ತದೆ, ಉದುರಿಸುವಾಗ ಪುಡಿ ಮಗುವಿನ ಉಸಿರಿನ ಜೊತೆ ಒಳಗೂ ಹೋಗುತ್ತದೆ.

ಬಾಣಂತನಕ್ಕೆ ಊರಿಂದ ಅಮ್ಮನೋ ಅತ್ತೆಯೋ ಬಂದಿದ್ದರೆ ಮನೆಯಲ್ಲಿ ಎಣ್ಣೆ ನೀರಿನ ಚರ್ಚೆ ಎದ್ದೇ ಏಳುತ್ತದೆ. ಅವರು ನಾಲ್ಕಾರು ಮಕ್ಕಳನ್ನು ಎರೆದು ಬೆಳೆಸಿದ ಕೈ. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ನೀವುವ ಸುಖ ಮಗುವಿಗೂ ಒಳ್ಳೆಯದೇ. ಆದರೆ ಆ ಪದ್ಧತಿ ನಮ್ಮೂರಿನ ಹವೆಗೆ ಹೊಂದಿಕೊಂಡು ಬೆಳೆದದ್ದು. ಇಲ್ಲಿ ಸ್ನಾನದ ಮೇಲೆ ಎಣ್ಣೆ ಮೈಮೇಲೇ ಉಳಿದರೆ ಬೆವರಿನ ನಾಳ ಮತ್ತಷ್ಟು ಕಟ್ಟುತ್ತದೆ. "ಅಮ್ಮಾ, ಸ್ನಾನಕ್ಕೆ ಮುಂಚೆ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ, ಆಮೇಲೆ ಪೂರ್ತಿ ತೊಳೆದುಬಿಡೋಣ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎಳೆ ಚರ್ಮಕ್ಕೆ ಒಗ್ಗುವುದಿಲ್ಲ. ಕಡಲೆಹಿಟ್ಟು ಹಾಕಿ ಉಜ್ಜುವುದು, ಸುಡುಸುಡು ನೀರು ಎರೆಯುವುದು ಕೂಡ ಬೇಡ. ಇನ್ನು ಕುಲಾವಿ, ಸಾಕ್ಸ್, ಉಣ್ಣೆಯ ಸ್ವೆಟರ್ ಊರಲ್ಲೇ ಇರಲಿ. ಎಚ್‌ಡಿಬಿ ಮನೆಯ (ಸರ್ಕಾರ ಕಟ್ಟಿಸಿದ ಫ್ಲ್ಯಾಟ್) ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದರೆ ಮಗುವಿನ ಉಸಿರಿಗೆ ತೊಂದರೆ.

ಇಲ್ಲಿನ ಇನ್ನೊಂದು ಸಂಗತಿ ಹೊಸಬರಿಗೆ ತಡವಾಗಿ ಹೊಳೆಯುತ್ತದೆ. ಹೊರಗೆ ಬೆವರು, ಒಳಗೆ ಎಸಿ. ಮಾಲ್, ಬಸ್ಸು, ಎಂಆರ್‌ಟಿ ಅನ್ನುವ ಮೆಟ್ರೋ ರೈಲು, ಮಲಗುವ ಕೋಣೆ ಎಲ್ಲ ಕಡೆ ಎಸಿ ಇರುತ್ತದೆ. ಎಸಿ ಗಾಳಿ ಚರ್ಮ ಒಣಗಿಸುತ್ತದೆ. ಒಣಗಿದ ಚರ್ಮಕ್ಕೆ ಬೆವರು ತಾಗಿದರೆ ಉರಿ, ತುರಿಕೆ. ಇಸುಬು ಇರುವ ಮಕ್ಕಳು ನರಳುವುದು ಇದರಿಂದಲೇ. ಡಾಕ್ಟರು ಇದಕ್ಕೆ ಎಕ್ಸಿಮಾ ಎನ್ನುತ್ತಾರೆ. ಮೊಣಕೈ ಮತ್ತು ಮೊಣಕಾಲ ಹಿಂದಿನ ಮಡಿಕೆಯಲ್ಲಿ ಒರಟಾದ ಒಣ ಮಚ್ಚೆ, ವಾರಗಟ್ಟಲೆ ಹೋಗದ ತುರಿಕೆ ಇದ್ದರೆ ಅದು ಬೆವರುಸಾಲೆಯಲ್ಲ. ಎರಡಕ್ಕೂ ಉಪಚಾರ ಬೇರೆ. ಬೆವರುಸಾಲೆಗೆ ದಪ್ಪನೆಯ ಕ್ರೀಮ್ ಕೆಟ್ಟದ್ದು, ಇಸುಬಿಗೆ ಮಾಯಿಶ್ಚರೈಸರ್ ಇಲ್ಲದೆ ಆಗುವುದೇ ಇಲ್ಲ. ಸ್ನಾನ ಆಗಿ ಮೈ ಒರೆಸಿದ ಕೂಡಲೇ, ಇನ್ನೂ ತುಸು ಹಸಿ ಇರುವಾಗಲೇ, ವಾಸನೆ ಇಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ಎಸಿಯನ್ನು 25ರಲ್ಲಿ ಇಟ್ಟು ಫ್ಯಾನ್ ಹಾಕಿ. ಗಾಳಿ ನೇರ ಮಂಚಕ್ಕೆ ಬೀಳದಿರಲಿ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳಗಳು ತೇವದಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹಾಗಾಗಿ ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಮಗುವಿನ ಉಗುರು ಕತ್ತರಿಸಿಡಿ.

ಈಗ ಹೇಳುವುದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಊರಿನ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ "ತುರಿಕೆ ಕ್ರೀಮ್" ಟ್ಯೂಬ್‌ಗಳನ್ನು ಮಕ್ಕಳಿಗೆ ಹಚ್ಚಬೇಡಿ. ಅವುಗಳಲ್ಲಿ ಎಷ್ಟೋ ಟ್ಯೂಬ್‌ಗಳು ಬಲವಾದ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರನ್ನೂ ಕಲಸಿದವು. ಹುಳಕಡ್ಡಿಗೆ ಇದನ್ನು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಸುಲಭಕ್ಕೆ ಬಗ್ಗದ ಹುಳಕಡ್ಡಿ ಭಾರತದಲ್ಲಿ ಇಷ್ಟು ಹರಡಲು ಇಂಥ ಕ್ರೀಮ್‌ಗಳೂ ಒಂದು ಕಾರಣ. ಹಾಗಂತ ಸ್ಟೀರಾಯ್ಡ್ ಅಂದ ಕೂಡಲೇ ಹೆದರುವುದೂ ಬೇಡ. ಇಸುಬಿಗೆ ಡಾಕ್ಟರು ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿ. ಅರ್ಧಕ್ಕೆ ಬಿಟ್ಟರೆ ಅದು ಮತ್ತೆ ಮತ್ತೆ ಕೆರಳುತ್ತದೆ.

ಬಿಸಿಲಿನ ವಿಷಯ ಚಿಕ್ಕದು. ಸಿಂಗಪುರ ಸಮಭಾಜಕ ವೃತ್ತದ ಹತ್ತಿರವೇ ಇದೆ. ಮೋಡವಿದ್ದರೂ ಮಧ್ಯಾಹ್ನದ ಯುವಿ, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣ ಜೋರು, ಕೆಲವು ದಿನ ಅದರ ಸೂಚ್ಯಂಕ ತೀರಾ ಅಪಾಯದ ಮಟ್ಟವಾದ 11 ದಾಟುತ್ತದೆ. ಆರು ತಿಂಗಳೊಳಗಿನ ಮಗುವನ್ನು ನೆರಳಲ್ಲೇ ಇಡಿ. ದೊಡ್ಡ ಮಕ್ಕಳಿಗೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್ ಇರಲಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಾಂಡೋದ (ಖಾಸಗಿ ಅಪಾರ್ಟ್‌ಮೆಂಟ್) ಈಜುಕೊಳದ ಕ್ಲೋರಿನ್ ಚರ್ಮ ಒಣಗಿಸುತ್ತದೆ. ಕೊಳದಿಂದ ಎದ್ದ ಕೂಡಲೇ ಸಿಹಿನೀರಲ್ಲಿ ಸ್ನಾನ ಮಾಡಿಸಿ ಮಾಯಿಶ್ಚರೈಸರ್ ಹಚ್ಚಿ.

ಇಲ್ಲಿ ಡೆಂಗಿ ಇದೆ, ಹಾಗಾಗಿ ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳಿ. ಸೊಳ್ಳೆ ಕಚ್ಚಿದ ಜಾಗ ಕೆರೆದು ಗಾಯವಾಗಿ, ಅದರ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಸೋಂಕು, ಡಾಕ್ಟರಿಗೆ ತೋರಿಸಿ. ಸನ್‌ಸ್ಕ್ರೀನ್ ಮೊದಲು, ಮೈಗೆ ಹಚ್ಚುವ ಸೊಳ್ಳೆ ಔಷಧಿ ಆಮೇಲೆ. ಮಕ್ಕಳ ಅಂಗೈಗೆ ಸೊಳ್ಳೆ ಔಷಧಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ.

ಪ್ರೀಸ್ಕೂಲ್‌ಗೆ ಹೋಗುವ ಮಕ್ಕಳಿದ್ದರೆ ಮಕ್ಕಳಿಂದ ಮಕ್ಕಳಿಗೆ ಬೇಗ ಅಂಟುವ ಕೈ, ಕಾಲು, ಬಾಯಿ ರೋಗದ ಹೆಸರು ಬೇಗ ಕಿವಿಗೆ ಬೀಳುತ್ತದೆ. ಹೊಸಬರು ಇದನ್ನು ಬೆವರುಸಾಲೆ ಅಂದುಕೊಂಡು ಮಗುವನ್ನು ಶಾಲೆಗೆ ಕಳಿಸಿಬಿಡುತ್ತಾರೆ. ಅಂಗೈ, ಅಂಗಾಲು, ಬಾಯಿಯ ಒಳಗೆ ನೋಡಿ. ಅಲ್ಲಿ ಬೆವರುಸಾಲೆ ಏಳುವುದಿಲ್ಲ. ಅಲ್ಲಿ ಗುಳ್ಳೆ, ಹುಣ್ಣು ಇದ್ದು ಜ್ವರವೂ ಇದ್ದರೆ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಡಾಕ್ಟರು ಎಂಸಿ (ರಜೆಯ ಮೆಡಿಕಲ್ ಸರ್ಟಿಫಿಕೇಟ್) ಕೊಡುತ್ತಾರೆ, ಅದರ ಅವಧಿ ಮುಗಿಯುವ ತನಕ ಮಗು ಮನೆಯಲ್ಲೇ ಇರಬೇಕು.

ಡಿಸೆಂಬರ್, ಜನವರಿಯ ಮಳೆಯಲ್ಲಿ ಕಿಟಕಿಯಾಚೆ ಕೋಲಿಗೆ ಹಾಕಿದ ಬಟ್ಟೆ ಒಣಗುವುದಿಲ್ಲ. ಮುಗ್ಗಲು ವಾಸನೆ ಬರುವ ಯೂನಿಫಾರ್ಮ್ ಹಾಗೇ ತೊಡಿಸಬೇಡಿ. ಒಣಗಿಸಲು ಡ್ರೈಯರ್ ಇಲ್ಲದಿದ್ದರೆ ಫ್ಯಾನ್ ಎದುರು ಹರಡಿ. ಬೀರುವಿನಲ್ಲಿ ಬೂಸ್ಟು ಬರುತ್ತದೆಂದು ನ್ಯಾಫ್ತಲಿನ್ ಗುಳಿಗೆ ಇಡುವ ಅಭ್ಯಾಸ ನಮ್ಮವರಲ್ಲಿದೆ. ಮಗುವಿನ ಬಟ್ಟೆಯ ಜೊತೆ ಅದು ಬೇಡವೇ ಬೇಡ. ಜಿ6ಪಿಡಿ ಅನ್ನುವ ಕಿಣ್ವದ (ಎನ್ಜೈಮ್) ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದರಿಂದ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಲ್ಲೇ ಈ ಕೊರತೆಯ ಪರೀಕ್ಷೆ ಮಾಡುತ್ತಾರೆ. ಊರಲ್ಲಿ ಹುಟ್ಟಿದ ಮಗುವಾದರೆ ಇಲ್ಲಿನ ಡಾಕ್ಟರನ್ನು ಒಮ್ಮೆ ಕೇಳಿ.

ಸಣ್ಣಪುಟ್ಟದಕ್ಕೆ ಮನೆಯ ಕೆಳಗಿನ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ ಸಾಕು. ವಾಸಿಯಾಗದ ಇಸುಬಿಗೆ ಅವರೇ ಚರ್ಮದ ತಜ್ಞರ ಬಳಿ ಕಳಿಸುತ್ತಾರೆ. ಸರ್ಕಾರಿ ಕ್ಲಿನಿಕ್ ಆದ ಪಾಲಿಕ್ಲಿನಿಕ್‌ನ ಸಬ್ಸಿಡಿ ನಾಗರಿಕರಿಗೆ ಮತ್ತು ಪಿಆರ್‌ಗಳಿಗೆ, ಅಂದರೆ ಕಾಯಂ ನಿವಾಸಿಗಳಿಗೆ. ಡಿಪೆಂಡೆಂಟ್ ಪಾಸ್‌ನಲ್ಲಿ (ಇಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಸಿಗುವ ಪಾಸ್) ಇರುವ ಮಕ್ಕಳಿಗೆ ಪೂರ್ತಿ ದುಡ್ಡು ಬೀಳುತ್ತದೆ, ಹಾಗಾಗಿ ಕಂಪನಿಯ ಇನ್ಶೂರೆನ್ಸ್ ಮಕ್ಕಳಿಗೂ ಇದೆಯಾ ಅಂತ ಈಗಲೇ ವಿಚಾರಿಸಿ. ಜ್ವರದ ಜೊತೆ ಕೆಂಪು ಅಥವಾ ನೇರಳೆ ಚುಕ್ಕೆ ಎದ್ದಿದ್ದು, ಗಾಜಿನ ಲೋಟ ಒತ್ತಿದರೂ ಅವು ಮಾಸದಿದ್ದರೆ, ಅಥವಾ ಮಗು ಮಂಕಾಗಿ ಹಾಲು ನೀರು ಬಿಟ್ಟಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೆಕೆ ಆಸ್ಪತ್ರೆಯ ಮಕ್ಕಳ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಆಂಬುಲೆನ್ಸ್‌ಗೆ 995. ಡೆಂಗಿ ಅನುಮಾನ ಇರುವಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಐಬುಪ್ರೊಫೇನ್ ಬೇಡ.