ಬೀಡಿ ಕಟ್ಟುವವರ ಪಿಎಫ್ ಪೆನ್ಷನ್ ದಾಖಲೆ ಸರಿ ಮಾಡಿದ್ದು ಹೇಗೆ – ನನ್ನ ಅನುಭವ

ನಮ್ಮ ಕಡೆ ದುಡ್ಡು ಕಟ್ಟದೆ ಪೆನ್ಷನ್ ತಪ್ಪಿದವರು ಕಮ್ಮಿ, ವರ್ಷಗಟ್ಟಲೆ ಕಟ್ಟಿಯೂ ಹೆಸರು ಮತ್ತೆ ಹುಟ್ಟಿದ ತಾರೀಕು ಒಂದಕ್ಕೊಂದು ತಾಳೆ ಆಗದೆ ತಪ್ಪಿದವರೇ ಜಾಸ್ತಿ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಈ ಸುತ್ತಿನಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ನಾನು ಒಂದು ಬೀಡಿ ಕಂಪನಿಯಲ್ಲಿ ಪಿಎಫ್ ಲೆಕ್ಕ ನೋಡಿಕೊಳ್ತಾ ಇದ್ದೆ, ಹಳೇ ಕಾರ್ಡುಗಳನ್ನೆಲ್ಲ ಯುಎಎನ್‌ಗೆ, ಅಂದ್ರೆ ಒಬ್ಬರಿಗೆ ಒಂದೇ ಅಂತ ಇರುವ ಪಿಎಫ್ ಗುರುತಿನ ನಂಬರಿಗೆ, ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಮಾಡಿದ ರೀತಿ ಬರೀತೇನೆ, ಬೇರೆ ಬ್ರಾಂಚಿನವರಿಗೆ, ಯೂನಿಯನ್‌ನವರಿಗೆ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತ ಮಕ್ಕಳಿಗೆ ಉಪಯೋಗ ಆದೀತು.

ಈ ದಾಖಲೆ ಯಾಕೆ ಇಷ್ಟು ಕೆಟ್ಟಿತ್ತು ಅಂತ ಮೊದಲು ಗೊತ್ತಿರ್ಬೇಕು. ಬೀಡಿಗೆ ಪಿಎಫ್ ಕಾನೂನು ಬಂದದ್ದು 1977ರಲ್ಲಿ, ಆದ್ರೆ ಮನೆಯಲ್ಲಿ ಕಟ್ಟುವವರು ನಮ್ಮ ಕೆಲಸದವರೇ ಅಲ್ಲ ಅಂತ ಮಾಲೀಕರು ಕೋರ್ಟಿಗೆ ಹೋದ್ರು, ಕೊನೆಗೆ 1985ರಲ್ಲಿ ಪಿ.ಎಂ. ಪಟೇಲ್ ಕೇಸಲ್ಲಿ ಸುಪ್ರೀಂ ಕೋರ್ಟು ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಅಂತ ಹೇಳಿದ ಮೇಲೆ ಆ ವಾದ ಬಿದ್ದುಹೋದದ್ದು. ನಮ್ಮ ಬ್ರಾಂಚುಗಳಲ್ಲಿ ಹೆಸರು ಬರ್ಕೊಂಡದ್ದು ಒಟ್ರಾಶಿ. ಪ್ರಾಯ ಎಷ್ಟಕ್ಕಾ ಅಂತ ಕೇಳಿದ್ದು, ಅವರು ಇಪ್ಪತ್ತೈದು ಇರ್ಬಹುದು ಅಂದದ್ದು, ಬರೆಯುವವರು ಇಸವಿ ಕಳೆದು ಜನವರಿ ಒಂದು ಅಂತ ಹಾಕಿದ್ದು, ಆಮೇಲೆ ಆ ಅಂದಾಜು ತಾರೀಕೇ ಕಾರ್ಡಿನಿಂದ ಕಾರ್ಡಿಗೆ ಹೋಗಿ 2012ರಲ್ಲಿ ಆನ್‌ಲೈನ್ ಚಲನ್ ಬಂದಾಗ ಕಂಪ್ಯೂಟರ್ ಒಳಗೂ ಹೋಗಿ ಕೂತಿತು. ಅಲ್ಲಿವರೆಗೆ ಪೆನ್ನಲ್ಲಿ ತಿದ್ದಬಹುದಿತ್ತು. ಕಂಪ್ಯೂಟರಿಗೆ ಹೋದ ಮೇಲೆ ಅದೇ ಸತ್ಯ ಅಂತ ಆಯ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೇರೆ ಕಡೆ ಪಿಎಫ್ ಸಂಬಳದ ಶೇಕಡಾ 12, ಬೀಡಿಗೆ 10. ಮಾಲೀಕರ ಆ 10ರಲ್ಲಿ 8.33 ಹೋಗುದು ಪೆನ್ಷನ್ನಿಗೆ, ಪಿಎಫ್ ಖಾತೆಗೆ ಬರುದು ಬರೀ 1.67. ಅಂದ್ರೆ ಮಾಲೀಕರಿಂದ ಬರುವ ಪಾಲು ಹೆಚ್ಚುಕಮ್ಮಿ ಪೂರ್ತಿ ಪೆನ್ಷನ್ ದಾಖಲೆಯ ಮೇಲೆ ನಿಂತಿರ್ತದೆ, ಅದು ಕೆಟ್ಟರೆ ಈ ಹೆಂಗಸರಿಗೆ ಆಗುವ ನಷ್ಟ ಆಫೀಸಿನಲ್ಲಿ ದುಡಿಯುವವರಿಗಿಂತ ದೊಡ್ಡದು.

ನಾನು ಮಾಡಿದ ಮುಖ್ಯ ಬದಲಾವಣೆ ಕೆಲಸದ ಕ್ರಮದ್ದು. ಮೊದಲು ಎಲ್ಲ ಕಡೆ ನಡೀತಾ ಇದ್ದದ್ದು ಹೇಗೆ ಅಂದ್ರೆ ಕಾರ್ಡು ನೋಡಿ ಕಂಪ್ಯೂಟರಿಗೆ ಹಾಕುದು, ಎರರ್ ಬಂದ್ರೆ ಆಮೇಲೆ ಆ ಹೆಂಗಸನ್ನು ಕರೆಸುದು. ನಾವು ಮೊದಲು ಜನರನ್ನೇ ಕರೆದದ್ದು. ಬೀಡಿ ಕೊಡುವ ದಿನ ಬ್ರಾಂಚಿನಲ್ಲೇ ಮೇಜು ಹಾಕಿ ಕೂತು, ಮನೆಯಲ್ಲಿ ಇರುವ ಕಾಗದ ಎಲ್ಲ ತನ್ನಿ, ಬೇಕಾ ಬೇಡವಾ ಅಂತ ನೀವು ನೋಡ್ಬೇಡಿ ಅಂತ ಹೇಳಿದ್ದು. ಶಾಲೆ ಸರ್ಟಿಫಿಕೇಟು, ರೇಷನ್ ಕಾರ್ಡು, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಲಾಗ್ ಬುಕ್, ವರ್ಷ ವರ್ಷ ಕೊಟ್ಟ ಪಿಎಫ್ ಸ್ಲಿಪ್ಪು, ಕೆಲವರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಷ್ಟು ಜೋಪಾನ ಮಾಡಿದ್ರು. ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಯಾವ ಕಾಗದದಲ್ಲಿ ಹೆಸರು ಹೇಗೆ ಉಂಟು, ತಾರೀಕು ಯಾವುದು, ಕಾಗದ ಯಾವ ವರ್ಷದ್ದು ಅಂತ ಅಕ್ಕಪಕ್ಕ ಬರೆದದ್ದು. ಈ ಹಾಳೆ ಮುಗಿಯದೆ ಕಂಪ್ಯೂಟರ್ ಮುಟ್ಟುದಿಲ್ಲ ಅಂತ ನಿಯಮ.

ಹೆಸರಿನ ಕಥೆ ಕೇಳಿ. ಬ್ರಾಂಚ್ ಕಾರ್ಡಿನಲ್ಲಿ ಕನ್ನಡದಲ್ಲಿ ಬೀಪಾತುಮ್ಮ, ವಾರ್ಷಿಕ ಲೆಕ್ಕದ 3ಎ ಫಾರ್ಮಿನಲ್ಲಿ ಇಂಗ್ಲಿಷಲ್ಲಿ ಬೀಫಾತಿಮಾ, ಆಧಾರಲ್ಲಿ ಬೀ ಅನ್ನುದು ಇನಿಶಿಯಲ್ ಆಗಿ ಬಿ. ಫಾತಿಮಾ. ಗಿರಿಜಕ್ಕ ಒಂದು ಕಡೆ ಮನೆ ಹೆಸರಿನ ಇನಿಶಿಯಲ್ ಹಾಕಿ ಕೆ. ಗಿರಿಜ, ಮದುವೆ ಆದ ಮೇಲೆ ಬೇರೆ ಇನಿಶಿಯಲ್, ಬ್ಯಾಂಕಲ್ಲಿ ಗಂಡನ ಹೆಸರು ಸೇರಿಸಿ ಮತ್ತೊಂದು. ಕನ್ನಡದಲ್ಲಿ ಹೇಳಿದ ಹೆಸರು ಮಲಯಾಳದಲ್ಲೂ ಇಂಗ್ಲಿಷಲ್ಲೂ ಬರೆಸಿಕೊಂಡು ಬದುಕುವ ಊರು ಇದು, ಹೀಗೆ ಆಗುದು ಸಹಜ. ನಾವು ತೀರ್ಮಾನ ಮಾಡಿದ್ದು, ಹೆಸರಿಗೆ ಆಧಾರ್ ಹಾಗೇ ಹೋಗುದು ಯಾಕಂದ್ರೆ ಯುಎಎನ್ ಅದಕ್ಕೇ ತಾಳೆ ನೋಡುದು, ಹುಟ್ಟಿದ ತಾರೀಕಿಗೆ ಮಾತ್ರ ಸಿಕ್ಕಿದ್ದರಲ್ಲಿ ಅತಿ ಹಳೇ ಕಾಗದ. ಆಧಾರಲ್ಲೇ ತಾರೀಕು ತಪ್ಪಿದ್ರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಪಿಎಫ್.

ಹಳೇ ಕಾಗದ ಅಂದ್ರೆ ಹೆಚ್ಚಾಗಿ ಶಾಲೆಯ ದಾಖಲಾತಿ ರಿಜಿಸ್ಟರ್. ಎರಡನೇ ಕ್ಲಾಸಿಗೆ ಬಿಟ್ಟವರ ಹೆಸರೂ ಅದರಲ್ಲಿ ಇರ್ತದೆ, ನಮಗೆ ಶಾಲೆ ಎಲ್ಲಿ ಮಾರಾಯ್ತಿ ಅಂತ ಹೇಳಿದವರದ್ದೂ ಸಿಕ್ಕಿತು. ನಮ್ಮ ಊರಿನ ಕನ್ನಡ ಶಾಲೆಗಳ ಹೆಡ್‌ಮಾಸ್ಟ್ರುಗಳು ಕಪಾಟು ತೆಗೆದು ಧೂಳು ಕೊಡವಿ ಪುಟ ಪುಟ ಹುಡುಕಿ ಕೊಟ್ಟಿದ್ದಾರೆ, ಅವರ ಉಪಕಾರ ಮರೆಯುವ ಹಾಗಿಲ್ಲ. ಶಾಲೆಯ ಮೆಟ್ಟಿಲೇ ಹತ್ತದವರದ್ದು ಕಷ್ಟ. 2024ರ ಜನವರಿಯಿಂದ ಹುಟ್ಟಿದ ತಾರೀಕಿನ ಪುರಾವೆ ಅಂತ ಆಧಾರನ್ನು ಪಿಎಫ್ ಲಿಸ್ಟಿನಿಂದ ತೆಗೆದಿದ್ದಾರೆ, ಹಾಗಾಗಿ ಬೇರೆ ಏನೂ ಇಲ್ಲದವರಿಗೆ ಸಿವಿಲ್ ಸರ್ಜನ್ ಸರ್ಟಿಫಿಕೇಟು ಮತ್ತೆ ಅಫಿಡವಿಟ್ಟು, ಅದು ಕೊನೇ ದಾರಿ.

ತಾರೀಕಿಗೆ ಯಾಕೆ ಇಷ್ಟು ಒದ್ದಾಟ ಅಂದ್ರೆ 58 ತುಂಬಿದ ದಿನಕ್ಕೆ ಪೆನ್ಷನ್ನಿಗೆ ಲೆಕ್ಕ ಹಿಡಿಯುವ ಸರ್ವಿಸ್ ಮುಗೀತದೆ. ಕಾರ್ಡಿನಲ್ಲಿ ಪ್ರಾಯ ಜಾಸ್ತಿ ಬರೆದಿದ್ರೆ ನಿಜವಾಗಿ ದುಡಿದ ವರ್ಷ ಲೆಕ್ಕದಿಂದ ಹೊರಗೆ ಬೀಳ್ತದೆ, ಕಮ್ಮಿ ಬರೆದಿದ್ರೆ ಪೆನ್ಷನ್ನಿಗೆ ಅಷ್ಟು ವರ್ಷ ಸುಮ್ಮನೆ ಕಾಯ್ಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆದದ್ದು ವಂತಿಗೆ ಇಲ್ಲದ ದಿನಗಳ ಲೆಕ್ಕದಲ್ಲಿ. ಎನ್‌ಸಿಪಿ ಅಂತಾರೆ. ಬೀಡಿ ಕೆಲಸ ಅಂದ್ರೆ ಎಲೆ ಬಂದ್ರೆ ಕೆಲಸ, ಬಾರದಿದ್ರೆ ಇಲ್ಲ, ಹೆರಿಗೆ, ಕಾಯಿಲೆ, ಮಳೆಗಾಲದಲ್ಲಿ ಎಲೆ ಹಾಳಾಗುದು. ತಿಂಗಳು ತಿಂಗಳಿನ ಅಂತಹ ಖಾಲಿ ದಿನಗಳನ್ನು 3ಎ ಫಾರ್ಮಿನಲ್ಲಿ ಒಂದು ಕಾಲಂನಲ್ಲಿ ಬರೀಬೇಕಿತ್ತು. ಆ ಕಾಲಂ ಎಷ್ಟೋ ಕಡೆ ಅಂದಾಜಿನಲ್ಲಿ ತುಂಬಿದ್ದಾರೆ. ಈಗ ನೋಡಿ, ತಿಂಗಳ ಪೆನ್ಷನ್ ಸಿಗ್ಬೇಕಾದ್ರೆ 10 ವರ್ಷ ಸರ್ವಿಸ್ ಆಗ್ಬೇಕು, ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಒಂದು ವರ್ಷ ಅಂತ ಹಿಡೀತಾರೆ, ಹಾಗಾಗಿ ಒಂಬತ್ತೂವರೆ ಆದ್ರೂ ಪೆನ್ಷನ್ ಉಂಟು. ಅದಕ್ಕಿಂತ ಒಂದು ವಾರ ಕಮ್ಮಿ ಆದ್ರೂ 10ಸಿ ಫಾರ್ಮ್ ಹಾಕಿ ಒಂದೇ ಸಲದ ಸಣ್ಣ ಗಂಟು, ಅಷ್ಟಕ್ಕೆ ಮುಗೀತು. ಬದಿಯಡ್ಕ ಕಡೆಯ ಒಬ್ಬ ಅಕ್ಕನದ್ದು ಹಾಗೇ ಒಂಬತ್ತರ ಹತ್ತಿರ ನಿಂತಿತ್ತು. ಅವರ ಲಾಗ್ ಬುಕ್ ತೆಗೆದು ತಿಂಗಳು ತಿಂಗಳು ನೋಡಿದ್ರೆ ಖಾಲಿ ಅಂತ ಬರೆದ ತಿಂಗಳುಗಳಲ್ಲಿ ಬೀಡಿ ಕೊಟ್ಟ ಲೆಕ್ಕ ಉಂಟು, ಪಿಎಫ್ ಹಿಡಿದದ್ದೂ ಉಂಟು, ಆ ವರ್ಷದ ಸ್ಲಿಪ್ಪಿನಲ್ಲಿ ದುಡ್ಡು ಜಮಾ ಆದದ್ದೂ ಉಂಟು. ಎಲ್ಲದರ ಪ್ರತಿ ಲಗತ್ತಿಸಿ, ಕಂಪನಿ ಕಡೆಯಿಂದ ತಿದ್ದಿದ ಲೆಕ್ಕ ಕೊಟ್ಟು, ಕೊನೆಗೆ ತಿಂಗಳ ಪೆನ್ಷನ್ನಿಗೆ ಹಾಕುವ 10ಡಿ ಫಾರ್ಮ್ ಪಾಸಾಯ್ತು. ಆ ಮೇಲೆ ನಾವು ಎಂಟು ವರ್ಷ ದಾಟಿದವರ ಎನ್‌ಸಿಪಿ ಎಲ್ಲ ಲಾಗ್ ಬುಕ್ಕಿಗೆ ಹೋಲಿಸಿ ನೋಡುದು ಅಂತ ಮಾಡಿದ್ವಿ.

ಗಡಿಯ ತೊಂದರೆ ಬೇರೆ. ಕೆಲವರು ಮೊದಲು ಮಂಗಳೂರು ಪಿಎಫ್ ಆಫೀಸಿನ ಕೋಡ್ ಇರುವ ಕಂಪನಿಗೆ ಬೀಡಿ ಕಟ್ಟಿ ಆಮೇಲೆ ಕಣ್ಣೂರು ಆಫೀಸಿನ ಕೋಡ್ ಇರುವ ಕಡೆ ಸೇರಿದವರು. ಎರಡು ಪಿಎಫ್ ನಂಬರ್, ಎರಡೂ ಕಡೆ ಆರಾರು ವರ್ಷ, ಬೇರೆ ಬೇರೆ ನೋಡಿದ್ರೆ ಯಾವುದರಲ್ಲೂ ಹತ್ತಿಲ್ಲ. 13ನೇ ಫಾರ್ಮ್ ಹಾಕಿ ಟ್ರಾನ್ಸ್‌ಫರ್ ಮಾಡಿಸುವಾಗ ಬರೀ ದುಡ್ಡು ಬಂತಾ ಅಂತ ನೋಡ್ಬೇಡಿ, ಅನೆಕ್ಷರ್ ಕೆ ಅಂತ ಬರುವ ಕಾಗದದಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು, ಎನ್‌ಸಿಪಿ ಎಲ್ಲ ಸರಿ ಬಂದಿದೆಯಾ ನೋಡಿ. ಪೆನ್ಷನ್ ನಿಲ್ಲುದು ಆ ತಾರೀಕಿನ ಮೇಲೆ.

ಪೆನ್ಷನ್ ಶುರು ಆದವರ ಕಷ್ಟ ಈಗ ತುಂಬ ಕಮ್ಮಿ ಆಗಿದೆ, ಅದನ್ನು ಸಂತೋಷದಿಂದ ಹೇಳ್ತೇನೆ. 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಬಂದು ದೇಶದ 68 ಲಕ್ಷಕ್ಕೂ ಹೆಚ್ಚು ಪೆನ್ಷನ್‌ದಾರರು ಯಾವ ಬ್ಯಾಂಕಿನ ಯಾವ ಬ್ರಾಂಚಿನಿಂದ ಬೇಕಾದ್ರೂ ತಕ್ಕೊಳ್ಬಹುದು, ಮಗಳ ಮನೆಗೆ ಹೋದ್ರೆ ಪಿಪಿಒ ಅನ್ನುವ ಪೆನ್ಷನ್ ಪಾವತಿ ಆದೇಶ ಈ ಆಫೀಸಿನಿಂದ ಆ ಆಫೀಸಿಗೆ ಕಳಿಸುವ ರಗಳೆ ಇಲ್ಲ. ಬದುಕಿದ್ದೇವೆ ಅಂತ ವರ್ಷ ವರ್ಷ ಕೊಡುವ ಜೀವನ್ ಪ್ರಮಾಣ್ ಸಹ ನವೆಂಬರಲ್ಲೇ ಅಂತ ಇಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೀತದೆ, ಬೆರಳಚ್ಚು ಬಾರದವರಿಗೆ ಮುಖ ತೋರಿಸಿ ಮಾಡುವ ಆಪ್ ಉಂಟು. ಕನಿಷ್ಠ ಪೆನ್ಷನ್ ಮಾತ್ರ 2014ರಲ್ಲಿ 1000 ಮಾಡಿದ್ದು ಹಾಗೇ ಉಂಟು, ಅದು ಸಾಲುದಿಲ್ಲ, ನಾನು ಎಲ್ಲಿ ಬೇಕಾದ್ರೂ ಹೇಳ್ತೇನೆ. ಆದ್ರೂ ಆ ಸಾವಿರ ಅವರದ್ದೇ ಹೆಸರಿನ ಖಾತೆಗೆ ಬರ್ತದೆ, ಮಾತ್ರೆಗೆ ಯಾರ ಹತ್ರವೂ ಕೈ ಚಾಚ್ಬೇಕಾಗಿಲ್ಲ.

ಈಗ ತುರ್ತು ಇರುದು ಮುಚ್ಚುವ ಮಾತು ನಡೀತಾ ಇರುವ ಬ್ರಾಂಚುಗಳಲ್ಲಿ. 2017ರ ಅಕ್ಟೋಬರ್ 1ರ ನಂತರ ಆಧಾರ್ ಮೇಲೆ ಯುಎಎನ್ ಆದವರು ಹೆಸರು, ತಾರೀಕು ಮೊಬೈಲಲ್ಲಿ ತಾವೇ ತಿದ್ದಬಹುದು, ಆದ್ರೆ ನಮ್ಮ ಅಕ್ಕಂದಿರು ಹೆಚ್ಚಿನವರು ಅದಕ್ಕಿಂತ ಹಳಬರು, ಅವರದ್ದು ಕಂಪನಿ ಮೂಲಕವೇ ಆಗ್ಬೇಕು. ಕಂಪನಿ ಇಲ್ಲದಿದ್ರೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸುವ ದಾರಿ ಉಂಟು, ಸರಿ, ಆದ್ರೆ 3ಎ ಪ್ರತಿ ಎಲ್ಲಿಂದ ತರುದು? ಹಾಗಾಗಿ ನಾವು 50 ದಾಟಿದವರದ್ದು ಮೊದಲು ತಕ್ಕೊಂಡು, ಒಬ್ಬೊಬ್ಬರ 3ಎ, ಲಾಗ್ ಬುಕ್ ಪುಟ, ತಿದ್ದುಪಡಿ ಅರ್ಜಿ ಎಲ್ಲದರ ಒಂದು ಸೆಟ್ ಜೆರಾಕ್ಸ್ ಅವರ ಕೈಗೇ ಕೊಟ್ಟು, ಸಿಕ್ಕಿತು ಅಂತ ಸಹಿ ತಕ್ಕೊಂಡು ಕಳಿಸಿದ್ದು, ಇ-ನಾಮಿನೇಷನ್ ಸಹ ಅದೇ ದಿನ. ಮೂಲ ಕಾರ್ಡುಗಳನ್ನು ವರ್ಷವಾರು ಕಟ್ಟು ಕಟ್ಟಿ ಇಟ್ಟಿದ್ದೇವೆ. ಸ್ಕ್ಯಾನ್ ಆಗಿದೆ ಅಂತ ಯಾರೂ ಅವನ್ನು ರದ್ದಿಗೆ ಹಾಕ್ಬೇಡಿ.