ಗ್ಯಾರೇಜ್ ಸೇಲ್‌ನಲ್ಲಿ ದೋಸೆ ಹೆಂಚು ಹುಡುಕುವುದು ಹೇಗೆ?

ಅಮೆರಿಕಕ್ಕೆ ಹೊಸದಾಗಿ ಬಂದವರು ಖಾಲಿ ಮನೆಗೆ ಬೇಕಾದ್ದನ್ನೆಲ್ಲ ಅಂಗಡಿಯಲ್ಲೇ ಕೊಂಡರೆ ಕೈ ಬರಿದಾಗುತ್ತದೆ. ಇನ್ನೊಬ್ಬರು ಬಳಸಿದ ಪಾತ್ರೆ ತರಲು ನಮ್ಮವರಿಗೆ ಮೊದಮೊದಲು ಮುಜುಗರ. ಜನ ತಮ್ಮ ಹಳೆ ಸಾಮಾನನ್ನು ಮನೆಯಲ್ಲೇ ಮಾರುವ ಸೇಲ್‌ಗಳನ್ನು ಎರಡು ಶನಿವಾರ ಸುತ್ತಿದರೆ ಅದು ತಾನಾಗಿ ಹೋಗುತ್ತದೆ.

ಮನೆ ಮುಂದಿನ ಹುಲ್ಲಿನ ಮೇಲೆ ಸಾಮಾನು ಹರಡಿದರೆ ಯಾರ್ಡ್ ಸೇಲ್, ಕಾರ್ ಶೆಡ್ಡಿನಲ್ಲಿಟ್ಟರೆ ಗ್ಯಾರೇಜ್ ಸೇಲ್. ಮನೆ ಖಾಲಿ ಮಾಡುವವರದು ಮೂವಿಂಗ್ ಸೇಲ್. ಮೇಜು, ಕುರ್ಚಿ, ದೀಪ ಬೇಕಾದವರು ಮೊದಲು ಹೋಗಬೇಕಾದ್ದು ಈ ಮೂವಿಂಗ್ ಸೇಲ್‌ಗೇ. ಸೋಮವಾರ ಟ್ರಕ್ ಬರುತ್ತದೆ ಅಂತಿರುವವರು ಬೆಲೆಗೆ ಹಟ ಹಿಡಿಯುವುದಿಲ್ಲ.

ಶುಕ್ರವಾರ ರಾತ್ರಿಯ ಕೆಲಸ

ಇಂಥ ಸೇಲ್‌ಗಳ ಜಾಹೀರಾತು ಬರುವ ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ನೆಕ್ಸ್ಟ್‌ಡೋರ್ ಮೂರೂ ವೆಬ್‌ಸೈಟ್ ನೋಡಿ. ಒಂದೇ ಕಡೆಯ ನಾಲ್ಕೈದು ಮನೆ ಆರಿಸಿ, ದಾರಿ ಗುರುತು ಹಾಕಿಕೊಳ್ಳಿ. ಊರಿನ ಕನ್ನಡ ಕೂಟದ ವಾಟ್ಸಾಪ್ ಗುಂಪನ್ನೂ ಮರೆಯಬೇಡಿ. ಭಾರತಕ್ಕೆ ವಾಪಸ್ ಹೊರಟವರು ಗ್ರೈಂಡರ್, ಇಡ್ಲಿ ಸ್ಟ್ಯಾಂಡ್, ಕುಕ್ಕರ್ ಎಲ್ಲ ಒಟ್ಟಿಗೇ ಬಿಟ್ಟು ಹೋಗುತ್ತಾರೆ.

ಪರ್ಸಿನಲ್ಲಿ ಒಂದು, ಐದು ಡಾಲರಿನ ನೋಟುಗಳಿರಲಿ. ಎರಡು ಡಾಲರ್ ಕಡಿಮೆ ಮಾಡಿ ಅಂತ ಚೌಕಾಸಿ ಮಾಡಿ ನೂರರ ನೋಟು ಚಾಚುವುದು ಚೆನ್ನಾಗಿರಲ್ಲ ಅಲ್ವಾ? ಅಳತೆ ಟೇಪು, ಒಂದೆರಡು ಬ್ಯಾಟರಿ ಸೆಲ್, ಸುತ್ತಲು ಹಳೆ ಬೆಡ್‌ಶೀಟು ಜೊತೆಗಿರಲಿ. ಬೆಳಿಗ್ಗೆ ಏಳು, ಎಂಟಕ್ಕೆ ಸಾಮಾನ್ಯವಾಗಿ ಶುರುವಾಗುತ್ತದೆ. ಒಳ್ಳೆಯದು ಬೇಕಾದರೆ ಮೊದಲ ಗಂಟೆಯಲ್ಲೇ ಹೋಗಿ, ಅಗ್ಗ ಬೇಕಾದರೆ ಮಧ್ಯಾಹ್ನದ ಹೊತ್ತಿಗೆ. ಎರಡೂ ಒಟ್ಟಿಗೆ ಸಿಗುವುದು ಅದೃಷ್ಟ.

ಹೆಂಚಿನ ಪರೀಕ್ಷೆ

ನನ್ನ ಕಣ್ಣು ಮೊದಲು ಹೋಗುವುದು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗಳಿಗೆ. ಬೀಡುಕಬ್ಬಿಣದ ಬಾಣಲೆಗಳು ಅಲ್ಲಿ ತುಕ್ಕು ಹಿಡಿದು ಕೂತಿರುತ್ತವೆ. ತುಕ್ಕು ನೋಡಿ ಹೆದರಬೇಡಿ, ಮಾರುವವರು ಅದಕ್ಕೆ ಹೆದರಿಯೇ ಬೆಲೆ ಇಳಿಸಿರುತ್ತಾರೆ. ದೋಸೆಗೆ ಎತ್ತರದ ಅಂಚಿನ ಸ್ಕಿಲೆಟ್ ಬೇಡ, ಮಗುಚುವ ಕೈಗೆ ಅಂಚು ಅಡ್ಡ ಬರುತ್ತದೆ. ಅಂಚು ತಗ್ಗಾಗಿರುವ ದುಂಡನೆಯ ಗ್ರಿಡಲ್ ಹುಡುಕಿ. ಗ್ರಿಸ್ವೋಲ್ಡ್, ವ್ಯಾಗ್ನರ್ ಹೆಸರಿನ ಹಳೆಯ ಹೆಂಚುಗಳ ಮೈ ನುಣುಪಾಗಿರುತ್ತದೆ. ಆದರೆ ಹಳೆ ಸಾಮಾನು ಸಂಗ್ರಹಿಸುವವರೂ ಅವಕ್ಕೇ ಮುಗಿಬೀಳುತ್ತಾರೆ.

ಎತ್ತಿ ಹಿಡಿದು ಬೆರಳ ಗಂಟಿನಿಂದ ತಟ್ಟಿ. ಸಂತೆಯಲ್ಲಿ ಅಮ್ಮ ಮಡಕೆ ತಟ್ಟಿ ನೋಡುತ್ತಿದ್ದರಲ್ಲ, ಹಾಗೇ. ಟಣ್ ಅಂದರೆ ಸರಿ, ದಬ್ ಅಂದರೆ ಎಲ್ಲೋ ಬಿರುಕು ಬಿಟ್ಟಿದೆ. ಆಮೇಲೆ ಸಮತಟ್ಟಾದ ಮೇಜಿನ ಮೇಲಿಟ್ಟು ಅಂಚನ್ನು ಒತ್ತಿ. ಅಲ್ಲಾಡಿದರೆ ಬಿಟ್ಟುಬಿಡಿ, ಗಾಜಿನ ಒಲೆಯ ಮೇಲೆ ಅದು ಸರಿಯಾಗಿ ಕಾಯುವುದಿಲ್ಲ. ಹಿಂದೆ ಏನಕ್ಕೆ ಬಳಸುತ್ತಿದ್ದರು ಅಂತಲೂ ಕೇಳಿ. ಮೀನಿನ ಗಾಳಕ್ಕೆ ಸೀಸ ಕರಗಿಸಿದ ಹೆಂಚಾದರೆ ಪುಕ್ಕಟೆ ಕೊಟ್ಟರೂ ಬೇಡ.

ಮನೆಗೆ ತಂದು ನೀರು, ವಿನೆಗರ್ ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ವೂಲ್‌ನಿಂದ (ಉಕ್ಕಿನ ನಾರು) ಉಜ್ಜಿ ತೊಳೆಯಿರಿ. ಒಲೆಯ ಮೇಲೆ ಪೂರ್ತಿ ಒಣಗಿಸಿ. ತೆಳ್ಳಗೆ ಎಣ್ಣೆ ಸವರಿ, ತಪ್ಪಿ ಹಚ್ಚಿದೆವೇನೋ ಅನ್ನುವ ಹಾಗೆ ಒರೆಸಿಬಿಡಿ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗುತ್ತದೆ. ಅವನ್‌ನಲ್ಲಿ ಬೋರಲು ಹಾಕಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಬಿಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಹೆಂಚು ಪಳಗುತ್ತದೆ. ಮೊದಲ ದೋಸೆ ಅಂಟಿದರೆ ಬೇಜಾರಾಗಬೇಡಿ. ಅರ್ಧ ಈರುಳ್ಳಿ ಎಣ್ಣೆಗೆ ಅದ್ದಿ ಉಜ್ಜಿ ಇನ್ನೊಂದು ಹೊಯ್ಯಿರಿ.

ಬೆಲೆ ಕೇಳುವಾಗ

ಚಿಕ್ಕಪೇಟೆಯ ಹಾಗೆ ಅರ್ಧಕ್ಕೆ ಕೇಳಿ, ಎದ್ದು ಹೊರಡುವ ನಾಟಕ ಇಲ್ಲಿ ನಡೆಯುವುದಿಲ್ಲ. ಮೂರ್ನಾಲ್ಕು ಸಾಮಾನು ಒಟ್ಟಿಗೆ ಹಿಡಿದು, ಎಲ್ಲ ಸೇರಿ ಎಷ್ಟಕ್ಕೆ ಕೊಡುತ್ತೀರಿ ಅಂತ ನಗುತ್ತಾ ಕೇಳಿ. ಆಗ ಅವರೇ ಇಳಿಸುತ್ತಾರೆ.

ಕೆಲವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಹಾಸಿಗೆಯ ಹೊಲಿಗೆಯಲ್ಲಿ ತಿಗಣೆ ಅಡಗಿರಬಹುದು. ಮಗುವಿನ ಕಾರ್ ಸೀಟು ಅಪಘಾತ ಕಂಡಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೆ ಎಕ್ಸ್‌ಪೈರಿ ದಿನಾಂಕವೂ ಇರುತ್ತದೆ. ಪಕ್ಕದ ಕಟಕಟೆ ಕೆಳಗೆ ಜಾರುವ ತೊಟ್ಟಿಲ ಮಂಚದ ಮಾರಾಟವನ್ನು 2011ರಲ್ಲೇ ನಿಷೇಧಿಸಿದ್ದಾರೆ, ಆದರೂ ಹಳೇ ಅಟ್ಟಗಳಿಂದ ಇಳಿದು ಬರುತ್ತಿರುತ್ತದೆ.

ಕರೆಂಟಿನ ಸಾಮಾನಾದರೆ ಪ್ಲಗ್ ಎಲ್ಲಿದೆ ಅಂತ ಕೇಳಿ, ಹಾಕಿ, ಓಡಿಸಿ ನೋಡಿ. ಒಮ್ಮೆ ಎಂಟು ಡಾಲರ್ ಕೊಟ್ಟು ಹೊಳೆಯುವ ಬ್ಲೆಂಡರ್ ತಂದೆ. ಕೇಳಲು ಸಂಕೋಚ, ಸುಮ್ನೆ ನಂಬಿದೆ. ಮನೆಯಲ್ಲಿ ಸ್ವಿಚ್ ಒತ್ತಿದರೆ ಗೊರ್ ಅಂದು ಹೊಗೆ ಬಿಟ್ಟಿತು. ಇನ್ನು ಊರಿಗೆ ಒಯ್ಯುವ ಯೋಚನೆಯಿಂದ ಮಿಕ್ಸರ್ ಕೊಳ್ಳಬೇಡಿ. ಇಲ್ಲಿಯದು 120 ವೋಲ್ಟು, ನಮ್ಮ ಮನೆಗಳದ್ದು 230. ಹೆಂಚಿಗೆ ಆ ತಾಪತ್ರಯವಿಲ್ಲ, ಸೂಟ್‌ಕೇಸಿನ ತೂಕ ಒಂದು ನೋಡಿಕೊಂಡರಾಯಿತು.