ಲ್ಯಾಪ್‌ಟಾಪ್ ಕೈಕೊಟ್ಟರೂ ಹಾಡು ನಿಲ್ಲಬಾರದು: ವೇದಿಕೆಗೆ ಸೀಕ್ವೆನ್ಸರ್ ಹೊಂದಿಸುವುದು ಹೇಗೆ?

ಆರ್ಕೆಸ್ಟ್ರಾದಲ್ಲಿ ಇಬ್ಬರು ಕೀಬೋರ್ಡ್‌ನವರು, ರಿದಮ್ ಪ್ಯಾಡ್‌ನವರು, ತಬಲಾ–ಢೋಲಕ್‌ನವರು ಎಲ್ಲ ಇದ್ದರೂ ಈಗಿನ ಸಿನಿಮಾ ಹಾಡಿನ ಅರ್ಧ ವಾದ್ಯಗಳು ಬಿಟ್ಟುಹೋಗುತ್ತವೆ. ಸ್ಟ್ರಿಂಗ್ಸ್, ಸಿಂತ್ ಬೇಸ್, ಹಿಂದೆ ಓಡುವ ಸಣ್ಣಪುಟ್ಟ ಪರ್ಕಷನ್, ಇಷ್ಟನ್ನೂ ನುಡಿಸಲು ಇರುವ ಕೈಗಳು ಸಾಲವು. ಮೈನಸ್ ಟ್ರ್ಯಾಕ್ (ಗಾಯನ ತೆಗೆದ ಸಿದ್ಧ ಧ್ವನಿಮುದ್ರಣ) ಹಾಕಿಬಿಡುವುದು ಸುಲಭದ ದಾರಿ. ಆದರೆ ಗಾಯಕಿ ‘ಅರ್ಧ ಸ್ವರ ಇಳಿಸಿ’ ಎಂದರೆ, ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಮೈನಸ್ ಟ್ರ್ಯಾಕ್ ಯಾರ ಮಾತನ್ನೂ ಕೇಳುವುದಿಲ್ಲ. ಸೀಕ್ವೆನ್ಸರ್ ಕೇಳುತ್ತದೆ.

ಇಲ್ಲಿ ಹೇಳುವ ವ್ಯವಸ್ಥೆಯಲ್ಲಿ ಸೀಕ್ವೆನ್ಸರ್ ಎಂದರೆ ಲ್ಯಾಪ್‌ಟಾಪ್. ಅದರ ಕೆಲಸ ಸ್ವರಗಳನ್ನು ನೆನಪಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕಳಿಸುವುದು ಮಾತ್ರ. ಸದ್ದು ಬರಬೇಕಾದದ್ದು ಕೀಬೋರ್ಡ್ ವರ್ಕ್‌ಸ್ಟೇಷನ್‌ನಿಂದಲೇ, ಅಂದರೆ ಹಲವು ವಾದ್ಯಗಳ ಸದ್ದು ತನ್ನೊಳಗೇ ಇರುವ ಕೀಬೋರ್ಡ್‌ನಿಂದಲೇ. ಸಾಫ್ಟ್‌ವೇರ್ ವಾದ್ಯಗಳು ಸ್ಟುಡಿಯೊದಲ್ಲಿ ಎಷ್ಟೇ ಚೆನ್ನಾಗಿ ಕೇಳಲಿ, ವೇದಿಕೆಯಲ್ಲಿ ಲ್ಯಾಪ್‌ಟಾಪ್ ಒಮ್ಮೆ ಸ್ತಬ್ಧವಾದರೆ ಅವೆಲ್ಲ ಒಟ್ಟಿಗೆ ಮೂಕವಾಗುತ್ತವೆ. ಕೀಬೋರ್ಡ್‌ನ ಟೋನ್ ಮಾತ್ರ ನಿಮ್ಮ ಕೈಕೆಳಗೆ ಉಳಿದಿರುತ್ತದೆ.

ಸಾಮಾನು

ಒಂದೇ ಹೊತ್ತಿಗೆ 16 ಪಾರ್ಟ್ (ಬೇರೆ ಬೇರೆ ವಾದ್ಯದ ಪಾಲು) ನುಡಿಸಬಲ್ಲ ಯಾವ ವರ್ಕ್‌ಸ್ಟೇಷನ್ ಆದರೂ ಸರಿ: ರೋಲ್ಯಾಂಡ್ ಎಕ್ಸ್‌ಪಿಎಸ್-30, ಜುನೊ-ಡಿಎಸ್, ಯಮಹಾ ಎಂಒಡಿಎಕ್ಸ್, ಕಾರ್ಗ್ ಕ್ರಾಸ್ ಇತ್ಯಾದಿ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. ಲ್ಯಾಪ್‌ಟಾಪ್‌ನ ಸದ್ದನ್ನು ಹೊರತರುವ ಆಡಿಯೊ ಇಂಟರ್‌ಫೇಸ್‌ಗೆ ನಾಲ್ಕು ಔಟ್‌ಪುಟ್ ಇರಬೇಕು, ಐದು ಪಿನ್ನಿನ ಮಿಡಿ (ವಾದ್ಯಗಳ ನಡುವೆ ಸ್ವರದ ಆಜ್ಞೆಗಳನ್ನು ಒಯ್ಯುವ ಸಂಪರ್ಕ) ಇನ್–ಔಟ್ ಇರಬೇಕು. ಜತೆಗೆ ಎರಡು ಮಿಡಿ ಕೇಬಲ್, ಸದ್ದನ್ನು ಮಿಕ್ಸರ್‌ಗೆ ಶುದ್ಧವಾಗಿ ದಾಟಿಸುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್‌ಗಳು, ಎರಡು ಪೆಡಲ್, ಒಂದು ಸಣ್ಣ ಯುಪಿಎಸ್. ಸಾಫ್ಟ್‌ವೇರ್ ವಿಷಯದಲ್ಲಿ ಇಲ್ಲಿ ಏಬಲ್‌ಟನ್ ಲೈವ್‌ನ ಉದಾಹರಣೆ ಕೊಡಲಾಗಿದೆ, ಏಕೆಂದರೆ ಹಾಡನ್ನು ತುಂಡುತುಂಡಾಗಿ ಇಟ್ಟುಕೊಂಡು ಬೇಕಾದಾಗ ಮುಂದಕ್ಕೆ ಹೋಗುವ ಅನುಕೂಲ ಅದರಲ್ಲಿ ಮೊದಲಿನಿಂದಲೂ ಇದೆ. ಕ್ಯೂಬೇಸ್, ರೀಪರ್ ಬಳಸುವವರಿಗೂ ತತ್ತ್ವ ಇದೇ.

ಯುಎಸ್‌ಬಿ ಇರುವಾಗ 1983ರ ಕಾಲದ ಐದು ಪಿನ್ ಏಕೆ? ಕೀಬೋರ್ಡ್ ಒಮ್ಮೆ ಆಫ್ ಆಗಿ ಆನ್ ಆದರೆ ಯುಎಸ್‌ಬಿ ಸಂಪರ್ಕ ಕಳಚುತ್ತದೆ, ಸಾಫ್ಟ್‌ವೇರ್ ಅದನ್ನು ಮತ್ತೆ ಗುರುತಿಸುತ್ತದೆಂಬ ಖಾತ್ರಿ ಇಲ್ಲ. ಇನ್ನೊಂದು ತೊಂದರೆ ವಿಂಡೋಸ್‌ನದು. ಮನೆಯಲ್ಲಿ ಎಡಗಡೆಯ ಪೋರ್ಟಿಗೆ ಹಾಕಿದ್ದ ವಯರನ್ನು ವೇದಿಕೆಯಲ್ಲಿ ಬಲಗಡೆಗೆ ಹಾಕಿದರೆ ಅದನ್ನು ಹೊಸ ಉಪಕರಣವೆಂದು ತಿಳಿದು ಹೆಸರಿಗೆ ‘2’ ಸೇರಿಸಬಹುದು. ಆಗ ನೀವು ಹೊಂದಿಸಿದ್ದ ರೂಟಿಂಗ್ (ಯಾವ ಟ್ರ್ಯಾಕ್ ಎಲ್ಲಿಗೆ ಎಂಬುದು) ಅಷ್ಟೂ ಖಾಲಿ. ಐದು ಪಿನ್ನಿನ ಕೇಬಲ್‌ಗೆ ಈ ರಗಳೆ ಇಲ್ಲ. 15 ಮೀಟರ್‌ವರೆಗೆ ಎಳೆಯಬಹುದು. ಇಂಟರ್‌ಫೇಸ್ ಹೇಗೂ ಯುಎಸ್‌ಬಿಯಲ್ಲೇ ಇರುವುದರಿಂದ, ಅದರ ಪೋರ್ಟಿನ ಪಕ್ಕ ಬಣ್ಣದ ಟೇಪ್ ಅಂಟಿಸಿ, ಯಾವಾಗಲೂ ಅಲ್ಲೇ ಹಾಕಿ.

ಮೊದಲು ಕೀಬೋರ್ಡ್‌ನೊಳಗೆ

ಲ್ಯಾಪ್‌ಟಾಪ್ ತೆರೆಯುವ ಮುಂಚೆ ಕೀಬೋರ್ಡ್‌ನಲ್ಲಿ ಪ್ರತಿ ಹಾಡಿಗೂ ಒಂದೊಂದು ಪರ್ಫಾರ್ಮೆನ್ಸ್ (ಎಲ್ಲ ಪಾರ್ಟ್‌ಗಳ ಟೋನ್, ವಾಲ್ಯೂಮ್‌ಗಳ ಒಂದು ಕಟ್ಟು) ಮಾಡಿ ಉಳಿಸಿಕೊಳ್ಳಿ. 1ನೇ ಪಾರ್ಟ್ ನಿಮ್ಮ ಕೈಗೆ. 2ರಿಂದ 9ರವರೆಗೆ ಸೀಕ್ವೆನ್ಸರ್‌ಗೆ: ಬೇಸ್, ಸ್ಟ್ರಿಂಗ್ಸ್, ಬ್ರಾಸ್, ಪ್ಲಕ್ ಇತ್ಯಾದಿ. 10 ಡ್ರಮ್ಸ್‌ಗೆ, ಜನರಲ್ ಮಿಡಿ ಎಂಬ ಸಾಮಾನ್ಯ ಮಾನದಂಡದಿಂದ ಬಂದ ಈ ರೂಢಿಯನ್ನು ಮುರಿಯಲು ಕಾರಣವಿಲ್ಲ. ಪ್ರತಿ ಪಾರ್ಟಿಗೂ ಕೀಬೋರ್ಡ್ ಸ್ವಿಚ್ ಅಥವಾ ಕೀಬೋರ್ಡ್ ಕಂಟ್ರೋಲ್ ಎಂಬ ಆಯ್ಕೆ ಇರುತ್ತದೆ. 1ಕ್ಕೆ ಮಾತ್ರ ಅದು ಆನ್ ಇರಲಿ, ಇಲ್ಲದಿದ್ದರೆ ಕೈಯಿಟ್ಟ ಕೂಡಲೇ ಬೇಸ್, ಡ್ರಮ್ಸ್ ಎಲ್ಲ ಒಟ್ಟಿಗೆ ಬಾರಿಸುತ್ತವೆ.

ಒಂಟಿ ಪ್ಯಾಚ್ ಆಗಿ ಕೇಳಿದಾಗ ಭರ್ಜರಿಯಾಗಿದ್ದ ಟೋನ್ ಪರ್ಫಾರ್ಮೆನ್ಸ್‌ಗೆ ಬಂದಾಗ ಸಪ್ಪೆಯಾಗುತ್ತದೆ. ಟೋನ್ ಕೆಟ್ಟಿಲ್ಲ, ಅದರ ಎಫೆಕ್ಟ್ ಬಿಟ್ಟುಹೋಗಿರುತ್ತದೆ. 16 ಪಾರ್ಟ್ ಇದ್ದರೂ ಹಂಚಿಕೊಳ್ಳಲು ಇರುವ ಎಫೆಕ್ಟ್ ಘಟಕಗಳು ಕೆಲವೇ. ಅವನ್ನು ಲೀಡ್ ಟೋನ್‌ಗೂ ಎಲೆಕ್ಟ್ರಿಕ್ ಪಿಯಾನೊಗೂ ಮೀಸಲಿಡಿ, ಬೇಸ್‌ಗೆ ವ್ಯರ್ಥ ಮಾಡಬೇಡಿ. ಪಾಲಿಫೊನಿ, ಅಂದರೆ ಒಮ್ಮೆಗೆ ಎಷ್ಟು ವಾಯ್ಸ್ ನುಡಿಯಬಹುದೆಂಬ ಮಿತಿ, ಅದರ ಮೇಲೂ ಕಣ್ಣಿರಲಿ. 128 ವಾಯ್ಸ್ ಎಂದರೆ 128 ಸ್ವರವಲ್ಲ. ನಾಲ್ಕು ಪದರದ ಪ್ಯಾಡ್ ಟೋನ್‌ನಲ್ಲಿ ನಾಲ್ಕು ಸ್ವರದ ಕಾರ್ಡ್ ಹಿಡಿದರೆ 16 ಹೋಯಿತು. ಪೆಡಲ್ ಒತ್ತಿ ಕಾರ್ಡ್ ಬದಲಿಸಿದರೆ 32. ಉದ್ದ ಸ್ವರಗಳು ನಡುವೆ ಕಡಿದಂತೆ ಕೇಳಿದರೆ ಸೀಕ್ವೆನ್ಸರ್ ಪಾರ್ಟ್‌ಗಳಿಗೆ ಒಂದು–ಎರಡು ಪದರದ ಸರಳ ಟೋನ್ ಹಾಕಿ. ಹಿನ್ನೆಲೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯದು.

ಎಲ್ಲ ಪಾರ್ಟ್‌ಗಳ ಟೋನ್, ವಾಲ್ಯೂಮ್, ಪ್ಯಾನ್‌ಗಳನ್ನು ಲ್ಯಾಪ್‌ಟಾಪ್‌ನಿಂದ ಕಳಿಸುವ ಬದಲು ಕೀಬೋರ್ಡ್‌ನಲ್ಲೇ ಏಕೆ ಉಳಿಸಬೇಕು ಎಂಬುದಕ್ಕೆ ಲೆಕ್ಕವಿದೆ. ಐದು ಪಿನ್ನಿನ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ 10 ಬಿಟ್ ಹಿಡಿಯುತ್ತದೆ, ಅಂದರೆ 0.32 ಮಿಲಿಸೆಕೆಂಡ್. ಒಂದು ಚಾನೆಲ್‌ಗೆ (ಒಂದೊಂದು ಪಾರ್ಟಿಗೆ ಒಂದೊಂದು ಚಾನೆಲ್) ಟೋನ್ ಆರಿಸುವ ಬ್ಯಾಂಕ್ ಸಂದೇಶ ಎರಡು (6 ಬೈಟ್), ಪ್ರೋಗ್ರಾಂ ಚೇಂಜ್ (2), ವಾಲ್ಯೂಮ್, ಪ್ಯಾನ್, ರಿವರ್ಬ್ (ತಲಾ 3), ಒಟ್ಟು 17 ಬೈಟ್. 16 ಚಾನೆಲ್‌ಗೆ 272 ಬೈಟ್, ಸುಮಾರು 87 ಮಿಲಿಸೆಕೆಂಡ್. ಹಾಡಿನ ಮೊದಲ ಏಟಿನ ಜತೆಗೇ ಇದೂ ಹೊರಟರೆ ಆ ಏಟು ತಡವಾಗಿ ಬೀಳುವುದು ಖಂಡಿತ. ಪರ್ಫಾರ್ಮೆನ್ಸ್ ಉಳಿಸಿಟ್ಟಿದ್ದರೆ ಬ್ಯಾಂಕ್ ಮತ್ತು ಪ್ರೋಗ್ರಾಂ ಚೇಂಜ್‌ನ 8 ಬೈಟ್ ಸಾಕು, 3 ಮಿಲಿಸೆಕೆಂಡ್‌ನೊಳಗೆ ಕೆಲಸ ಮುಗಿಯುತ್ತದೆ. ಲ್ಯಾಪ್‌ಟಾಪ್ ನಿಂತುಹೋದಾಗ ಮುಂದಿನ ಹಾಡಿನ ಟೋನ್‌ಗಳನ್ನು ಕೈಯಿಂದಲೇ ಕರೆಯಬಹುದು ಎಂಬುದು ಇನ್ನೂ ದೊಡ್ಡ ಲಾಭ.

ಪರ್ಫಾರ್ಮೆನ್ಸ್ ಬದಲಿಸುವ ಕಂಟ್ರೋಲ್ ಚಾನೆಲ್ ಅನ್ನು ಸಿಸ್ಟಂ ಮೆನುವಿನಲ್ಲಿ 16ಕ್ಕೆ ಇಟ್ಟು, ಆ ಚಾನೆಲ್‌ನಲ್ಲಿ ಬೇರೇನೂ ನುಡಿಸಬೇಡಿ. ಲೈವ್‌ನಲ್ಲಿ ಕ್ಲಿಪ್‌ನ (ಹಾಡಿನ ಒಂದು ತುಂಡು) ಬ್ಯಾಂಕ್, ಸಬ್, ಪ್ರೋಗ್ರಾಂ ಪೆಟ್ಟಿಗೆಗಳಲ್ಲಿ ಸಂಖ್ಯೆ ಹಾಕಿ. ಪಕ್ಕದ ಟೋನ್ ಬಂದರೆ ಗಾಬರಿ ಬೇಡ: ಕೆಲವು ಕೈಪಿಡಿಗಳು 0ಯಿಂದ 127ರವರೆಗೆ ಎಣಿಸುತ್ತವೆ, ಕೆಲವು 1ರಿಂದ 128ರವರೆಗೆ. ಒಂದು ಕೂಡಿಸಿ ಅಥವಾ ಕಳೆಯಿರಿ.

ಲೋಕಲ್ ಆನ್ ಇರಲಿ

ಲೋಕಲ್ ಕಂಟ್ರೋಲ್ ಎಂದರೆ ಕೀಗಳಿಗೂ ಕೀಬೋರ್ಡ್‌ನ ಸ್ವಂತ ಸದ್ದಿಗೂ ಇರುವ ನೇರ ಕೊಂಡಿ. ಸ್ಟುಡಿಯೊ ಪಾಠಗಳೆಲ್ಲ ‘ಲೋಕಲ್ ಕಂಟ್ರೋಲ್ ಆಫ್ ಮಾಡಿ’ ಎನ್ನುತ್ತವೆ. ಕೀ ಒತ್ತಿದ್ದು ನೇರವಾಗಿಯೂ ನುಡಿದು, ಕಂಪ್ಯೂಟರ್ ಸುತ್ತಿಬಂದೂ ನುಡಿದು, ಪ್ರತಿ ಸ್ವರ ಎರಡೆರಡು ಸಲ ಕೇಳುವುದನ್ನು ತಪ್ಪಿಸಲು ಅದು ಸರಿಯಾದ ಸಲಹೆಯೇ. ವೇದಿಕೆಗೆ ಅದು ಅಪಾಯ. ಲೋಕಲ್ ಆಫ್ ಇದ್ದರೆ ಲ್ಯಾಪ್‌ಟಾಪ್ ನಿಂತ ಕ್ಷಣ ನಿಮ್ಮ ಕೀಬೋರ್ಡೂ ಮರದ ಹಲಗೆ. ಆದ್ದರಿಂದ ಲೋಕಲ್ ಆನ್ ಇಟ್ಟು, ಲೈವ್‌ನಲ್ಲಿ ಎಲ್ಲ ಮಿಡಿ ಟ್ರ್ಯಾಕ್‌ಗಳ ಮಾನಿಟರ್ ಆಫ್ ಮಾಡಿ. ಸೆಟ್ಟಿಂಗ್ಸ್‌ನ ಮಿಡಿ ಪುಟದಲ್ಲಿ ಇನ್‌ಪುಟ್ ಪೋರ್ಟಿನ ‘ಟ್ರ್ಯಾಕ್’ ಆಫ್, ‘ರಿಮೋಟ್’ ಆನ್. ಔಟ್‌ಪುಟ್ ಪೋರ್ಟಿನ ‘ಟ್ರ್ಯಾಕ್’ ಆನ್. ಕೀಬೋರ್ಡ್‌ನಿಂದ ಕಂಪ್ಯೂಟರ್‌ಗೆ ಹೋಗುವುದು ಪೆಡಲ್‌ನ ಆಜ್ಞೆ ಮಾತ್ರ.

ನಿಮ್ಮ ಕೈ ಕಂಪ್ಯೂಟರ್ ಮೂಲಕ ಹಾಯುವುದಿಲ್ಲವಾದ್ದರಿಂದ ಕಂಪ್ಯೂಟರ್ ಸದ್ದನ್ನು ಕೂಡಿಟ್ಟು ಬಿಡುವ ಬಫರ್ ಅನ್ನು 64 ಸ್ಯಾಂಪಲ್‌ಗೆ ಇಳಿಸಿ ಪ್ರೊಸೆಸರ್‌ನ ಜೀವ ಹಿಂಡುವ ಅಗತ್ಯವೂ ಇಲ್ಲ. 512 ಸ್ಯಾಂಪಲ್ ಇಡಿ, 44.1 ಕಿಲೋಹರ್ಟ್ಸ್‌ನಲ್ಲಿ ಅದು 11.6 ಮಿಲಿಸೆಕೆಂಡ್. ಚಟಪಟ ಸದ್ದಿನ ಭಯ ಬಹುತೇಕ ಹೋಗುತ್ತದೆ.

ಲೂಪ್‌ಗಳನ್ನು ಆಡಿಯೊ ಆಗಿ ಬಿಡುವವರು ಒಂದು ಹೊಂದಾಣಿಕೆ ಮಾಡಲೇಬೇಕು. ಲ್ಯಾಪ್‌ಟಾಪ್‌ನ ಆಡಿಯೊ ಮತ್ತು ಕೀಬೋರ್ಡ್ ನುಡಿಸುವ ಮಿಡಿ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಎರಡರಲ್ಲೂ ರಿಮ್ ಶಾಟ್ ಇಟ್ಟು ಪ್ರತಿ ಬೀಟ್‌ಗೂ ನುಡಿಸಿ. ಮಿಕ್ಸರ್‌ನಲ್ಲಿ ಒಂದನ್ನು ಪೂರಾ ಎಡಕ್ಕೆ, ಇನ್ನೊಂದನ್ನು ಪೂರಾ ಬಲಕ್ಕೆ ತಿರುಗಿಸಿ ರೆಕಾರ್ಡ್ ಮಾಡಿ. ಆ ಫೈಲನ್ನು ತೆರೆದು ಹಿಗ್ಗಿಸಿ ನೋಡಿದರೆ ಎರಡು ಮೊನೆಗಳ ಅಂತರ ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ಕೀಬೋರ್ಡ್ 8 ತಡವಾಗಿದ್ದರೆ ಮಿಡಿ ಟ್ರ್ಯಾಕ್‌ಗಳ ಟ್ರ್ಯಾಕ್ ಡಿಲೇಗೆ –8 ಹಾಕಿ. ಮುಂಚೆ ಬರುತ್ತಿದ್ದರೆ +8. ಬಫರ್ ಬದಲಿಸಿದರೆ ಮತ್ತೆ ಅಳೆಯಬೇಕು.

ಹಾಡನ್ನು ತುಂಡು ಮಾಡುವುದು

ಸೆಷನ್ ವ್ಯೂನಲ್ಲಿ ಒಂದೊಂದು ಅಡ್ಡಸಾಲು ಒಂದೊಂದು ಸೀನ್. ಇಂಟ್ರೊ, ಪಲ್ಲವಿ, ಇಂಟರ್‌ಲ್ಯೂಡ್, ಚರಣ, ಮುಕ್ತಾಯ, ಹೀಗೆ ಇಳಿಸುತ್ತ ಹೋಗಿ. ಮೊದಲ ಸೀನ್ ಪ್ರೋಗ್ರಾಂ ಚೇಂಜ್ ಮಾತ್ರ ಇರುವ ಖಾಲಿ ಬಾರ್ (ತಾಳದ ಒಂದು ಆವರ್ತ). ಅದನ್ನು ಅನೌನ್ಸ್‌ಮೆಂಟ್ ನಡೆಯುವಾಗಲೇ ಒತ್ತಿಬಿಡಿ, ಹಿಂದಿನ ಹಾಡಿನ ರಿವರ್ಬ್ ಕಡಿದುಹೋದರೂ ಯಾರಿಗೂ ಕೇಳಿಸದು. ಪ್ರತಿ ಸೀನ್‌ಗೂ ಗತಿ ಮತ್ತು ತಾಳ ಬರೆದಿಡಿ. ಜಾನಪದ ಹಾಡೊಂದು ತಕಿಟ–ತಕಧಿಮಿ ನಡೆಯಲ್ಲಿದ್ದರೆ 7/8 ಎಂದು ಕೊಡಲೇಬೇಕು. 4/4ರಲ್ಲೇ ಬಿಟ್ಟರೆ ಮುಂದಿನ ಸೀನ್ ತಾಳದ ನಡುವೆ ಎಲ್ಲೋ ಎದ್ದು ನಿಲ್ಲುತ್ತದೆ.

ಪಲ್ಲವಿಯ ಕ್ಲಿಪ್‌ಗಳಿಗೆ ಲೂಪ್ ಆನ್ ಮಾಡಿ. ‘ಸೆಲೆಕ್ಟ್ ನೆಕ್ಸ್ಟ್ ಸೀನ್ ಆನ್ ಲಾಂಚ್’ ಆಯ್ಕೆ ಆನ್ ಇರಲಿ, ಸೀನ್ ಲಾಂಚ್ ಬಟನ್‌ಗೆ ಎರಡನೇ ಪೆಡಲನ್ನು ಮ್ಯಾಪ್ ಮಾಡಿ. ಗಾಯಕ ಪಲ್ಲವಿಯನ್ನು ಎಷ್ಟು ಸಲ ಹಾಡಿದರೂ ಸೀಕ್ವೆನ್ಸರ್ ಅಲ್ಲೇ ಸುತ್ತುತ್ತದೆ. ಕಾಲೊತ್ತಿದರೆ ಮುಂದಿನ ಭಾಗ. ಕ್ವಾಂಟೈಸೇಷನ್ (ಬದಲಾವಣೆ ಎಲ್ಲಿ ಬೀಳಬೇಕೆಂಬ ಆಯ್ಕೆ) ಒಂದು ಬಾರ್ ಇದ್ದರೆ ಕೊನೆಯ ಬಾರ್‌ನಲ್ಲಿ ಎಲ್ಲಿ ಒತ್ತಿದರೂ ಸರಿ. 96ರ ಗತಿಯಲ್ಲಿ 4/4ರ ಒಂದು ಬಾರ್ ಎರಡೂವರೆ ಸೆಕೆಂಡ್, ಅವಸರ ಬೇಕಿಲ್ಲ. ಈ ಪೆಡಲ್ ಸಿಸಿ (ಕಂಟ್ರೋಲ್ ಚೇಂಜ್ ಸಂದೇಶ) 64 ಅನ್ನು ಕಳಿಸದಂತೆ ನೋಡಿಕೊಳ್ಳಿ. ಅದು ಸಸ್ಟೇನ್ ಪೆಡಲ್‌ನ ಸಂಖ್ಯೆ. ಎರಡೂ ಒಂದೇ ಆದರೆ ಪಿಯಾನೊಗೆ ಸಸ್ಟೇನ್ ಒತ್ತಿದಾಗೆಲ್ಲ ಹಾಡು ಮುಂದಕ್ಕೆ ಹಾರುತ್ತದೆ.

ಪ್ರತಿ ಮಿಡಿ ಕ್ಲಿಪ್‌ನ ಆರಂಭದಲ್ಲಿ ಸಸ್ಟೇನ್ 0, ಪಿಚ್ ಬೆಂಡ್ 0, ಎಕ್ಸ್‌ಪ್ರೆಷನ್ 127 ಎಂದು ಎನ್ವಲಪ್‌ನಲ್ಲಿ ಬರೆದಿಡುವುದು ಬೇಸರದ ಕೆಲಸ, ಆದರೂ ಬಿಡಬೇಡಿ. ಬೆಂಡ್ ಎಳೆದಿರುವಾಗಲೇ ಸೀನ್ ಬದಲಾದರೆ ಆ ಪಾರ್ಟ್ ಬೆಂಡ್‌ನಲ್ಲೇ ಉಳಿದು, ಮುಂದೆಲ್ಲ ಅಪಶ್ರುತಿ. ಎಲ್ಲಿ ತಪ್ಪಾಯಿತೆಂದು ಆಗ ಹುಡುಕಲಾಗದು.

ಅರ್ಧ ಸ್ವರ ಇಳಿಸುವುದಕ್ಕೆ ರಾಗವಿರುವ ಟ್ರ್ಯಾಕ್‌ಗಳಿಗೆಲ್ಲ ಪಿಚ್ ಎಂಬ ಮಿಡಿ ಎಫೆಕ್ಟ್ ಹಾಕಿ –1 ಕೊಡಿ. 10ನೇ ಚಾನೆಲ್‌ಗೆ ಹಾಕಬೇಡಿ. ಅಲ್ಲಿ ಸ್ವರಸಂಖ್ಯೆ ಎಂದರೆ ವಾದ್ಯದ ಹೆಸರು: 38ರ ಸ್ನೇರ್ 37ಕ್ಕಿಳಿದು ಸೈಡ್ ಸ್ಟಿಕ್ ಆಗುತ್ತದೆ, 42ರ ಹೈ-ಹ್ಯಾಟ್ 41ಕ್ಕಿಳಿದು ಟಾಮ್ ಆಗುತ್ತದೆ. ನಿಮ್ಮ ಕೈಗೆ ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಬಳಸುವುದಾದರೆ, ಅದು ಹೊರಗಿನಿಂದ ಬರುವ ಮಿಡಿಯನ್ನೂ ಇಳಿಸುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಇಳಿಸಿದರೆ ಸೀಕ್ವೆನ್ಸರ್ ಪಾರ್ಟ್‌ಗಳು ಒಂದಿಡೀ ಸ್ವರ ಕೆಳಗೆ ಹೋಗಿರುತ್ತವೆ.

ಗತಿಯನ್ನು ತಿಳಿಸುವ ಮಿಡಿ ಕ್ಲಾಕ್ ಅನ್ನು ಅಗತ್ಯವಿದ್ದರೆ ಮಾತ್ರ ಕಳಿಸಿ, ಅಂದರೆ ಕೀಬೋರ್ಡ್‌ನ ಆರ್ಪೆಜಿಯೊ ಅಥವಾ ಡಿಲೇ ಗತಿಗೆ ಕೂಡಬೇಕಿದ್ದರೆ. ಒಂದು ಬೀಟ್‌ಗೆ 24 ಮಿಡಿತಗಳಷ್ಟೇ ಹೋಗುವುದರಿಂದ ಕೀಬೋರ್ಡ್ ಪರದೆಯಲ್ಲಿ 96ರ ಬದಲು 95.9, 96.1 ಎಂದು ಕುಣಿಯಬಹುದು, ಅದೇನೂ ದೋಷವಲ್ಲ. ನಿಜವಾದ ಎಡವಟ್ಟು ಬೇರೆ: ಕ್ಲಾಕ್ ಜತೆ ಸ್ಟಾರ್ಟ್ ಸಂದೇಶವೂ ಹೋಗಿ ಕೀಬೋರ್ಡ್‌ನೊಳಗಿನ ಸೀಕ್ವೆನ್ಸರ್ ತನ್ನದೇ ಹಾಡು ಶುರುಮಾಡುವುದು. ಅಲ್ಲಿ ಖಾಲಿ ಸಾಂಗ್ ಆರಿಸಿಟ್ಟಿರಿ.

ಕ್ಲಿಕ್, ಗುಂಯ್‌ಗುಡುವಿಕೆ, ಕರೆಂಟು

ಇಂಟರ್‌ಫೇಸ್‌ನ ಔಟ್‌ಪುಟ್ 1–2 ಆಡಿಯೊ ಟ್ರ್ಯಾಕ್‌ಗೆ, ಡಿಐ ಮೂಲಕ ಮಿಕ್ಸರ್‌ಗೆ. 3 ಕ್ಲಿಕ್‌ಗೆ (ಗತಿ ಕಾಯುವ ಟಿಕ್ ಟಿಕ್ ಸದ್ದು), ನೇರ ರಿದಮ್‌ನವರ ಹೆಡ್‌ಫೋನ್ ಆ್ಯಂಪ್‌ಗೆ. ಈ ವಯರ್ ಸೌಂಡ್‌ನವರ ಸ್ಟೇಜ್ ಬಾಕ್ಸ್ ಹತ್ತಿರವೂ ಸುಳಿಯಬಾರದು. ಸುಳಿದರೆ ಯಾವುದೋ ಚಾನೆಲ್‌ನಲ್ಲಿ ಕ್ಲಿಕ್ ಇಡೀ ಮೈದಾನಕ್ಕೆ ಕೇಳುತ್ತದೆ. ಸಾಫ್ಟ್‌ವೇರ್‌ನ ಮೆಟ್ರೊನೋಮ್ ಬಿಟ್ಟು ಕ್ಲಿಕ್ಕನ್ನೇ ಒಂದು ಟ್ರ್ಯಾಕ್ ಆಗಿ ಮಾಡಿಕೊಳ್ಳಿ. ಆಲಾಪನೆ ಇರುವ ಸೀನ್‌ನಲ್ಲಿ ಅದನ್ನು ಖಾಲಿ ಬಿಡಬಹುದು.

ವಿಂಡೋಸ್‌ನ ಮಾಮೂಲಿ ಸದ್ದು ಲ್ಯಾಪ್‌ಟಾಪ್‌ನ ಸ್ವಂತ ಸ್ಪೀಕರ್‌ಗೆ ಹೋಗುವಂತಿರಲಿ. ಇಲ್ಲದಿದ್ದರೆ ನೋಟಿಫಿಕೇಶನ್‌ನ ‘ಟಿಣ್’ ಮೇನ್ ಸ್ಪೀಕರ್‌ನಲ್ಲಿ ಬರುತ್ತದೆ. ವೈಫೈ, ಬ್ಲೂಟೂತ್, ಸ್ಲೀಪ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಲ್ಲ ಆಫ್. ಇಂಟರ್‌ನೆಟ್ ಇಲ್ಲದೆಯೂ ಸಾಫ್ಟ್‌ವೇರ್ ತೆರೆಯುತ್ತದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಮಿಕ್ಸರ್‌ನಲ್ಲಿ ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಎಬ್ಬಿಸುವ ಗುಂಯ್. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಮುರಿಯುವ ‘ಉಪಾಯ’ ಇನ್ನೂ ಚಾಲ್ತಿಯಲ್ಲಿದೆ. ಅದರಿಂದ ಮೈಕ್ ಹಿಡಿದವರಿಗೆ ಶಾಕ್ ಹೊಡೆಯಬಹುದು, ಮಾಡಬೇಡಿ.

ಜನರೇಟರ್‌ಗೆ ಬದಲಾಗುವ ಕ್ಷಣದಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಕೀಬೋರ್ಡ್ ಮಾತ್ರ ಸತ್ತು ಮತ್ತೆ ಬೂಟ್ ಆಗಬೇಕು. ಆದ್ದರಿಂದ ಯುಪಿಎಸ್ ಮೊದಲು ಬೇಕಾಗಿರುವುದು ಕೀಬೋರ್ಡ್‌ಗೆ, ಆಮೇಲೆ ಇಂಟರ್‌ಫೇಸ್‌ಗೆ. ಆನ್ ಆದಾಗ ಯಾವ ಪರ್ಫಾರ್ಮೆನ್ಸ್ ಬರಬೇಕೆಂಬ ಪವರ್ ಆನ್ ಆಯ್ಕೆ ಇದ್ದರೆ ಪಿಯಾನೊ–ಸ್ಟ್ರಿಂಗ್ಸ್‌ನಂಥ ಎಲ್ಲ ಹಾಡಿಗೂ ಸಲ್ಲುವ ಟೋನ್ ಇಡಿ.

ಕಡೆಗೆ, ಎಲ್ಲ ಹಾಡುಗಳನ್ನೂ ಎರಡು ರೂಪದಲ್ಲಿ ಪೆನ್‌ಡ್ರೈವ್‌ಗೆ ಹಾಕಿಡಿ. ಒಂದು, ಲೈವ್‌ನ ‘ಕಲೆಕ್ಟ್ ಆಲ್ ಆ್ಯಂಡ್ ಸೇವ್’ ಮಾಡಿದ ಇಡೀ ಫೋಲ್ಡರ್. ಇನ್ನೊಂದು, ಎಡಕ್ಕೆ ಟ್ರ್ಯಾಕ್, ಬಲಕ್ಕೆ ಕ್ಲಿಕ್ ಇರುವ ಸ್ಟೀರಿಯೊ ಮಿಕ್ಸ್. ಇದರ ಪ್ರತಿ ಫೋನ್‌ನಲ್ಲೂ ಇರಲಿ, ಹೊಂದುವ ವಯರ್ ಜೇಬಿನಲ್ಲಿರಲಿ. ರಿಹರ್ಸಲ್‌ನಲ್ಲಿ ಒಂದು ಹಾಡಿನ ನಡುವೆ, ಯಾರಿಗೂ ಹೇಳದೆ, ಇಂಟರ್‌ಫೇಸ್‌ನ ಯುಎಸ್‌ಬಿ ವಯರ್ ಕಿತ್ತುಬಿಡಿ. ಅರ್ಧಕ್ಕೆ ನಿಂತ ಸ್ವರ ಎಳೆಯುತ್ತಲೇ ಇದ್ದರೆ ಅದೇ ಪರ್ಫಾರ್ಮೆನ್ಸ್ ಅನ್ನು ಮತ್ತೊಮ್ಮೆ ಆರಿಸಿ, ಬಹುತೇಕ ಮಾದರಿಗಳಲ್ಲಿ ಸದ್ದಡಗುತ್ತದೆ. ಕೀಬೋರ್ಡ್, ರಿದಮ್, ಗಾಯಕರು ನಿಲ್ಲದೆ ಚರಣ ಮುಗಿಸಿದರೆ ಆ ಹಾಡನ್ನು ಕಾರ್ಯಕ್ರಮದ ಪಟ್ಟಿಗೆ ಸೇರಿಸಿಕೊಳ್ಳಿ.